ನವಿಲಿನ ಬ್ಲೇಡ್ ಸಿಕ್ಕಿತು, ವಾಸಣ್ಣ

ವಾಸಣ್ಣಾ,

ನಿಮ್ಮ ಬ್ಲೇಡ್ ಸಿಕ್ಕಿತು. ಹಸಿರು ಕಾಗದ, ಮೇಲೆ ಗರಿ ಬಿಚ್ಚಿದ ನವಿಲು, ಎರಡೂ ಕಡೆ ಅಲಗು. ಐದರ ಒಂದು ಪ್ಯಾಕೆಟ್, ಒಡೆಯದ್ದು, ಬೆಳ್ತಂಗಡಿಯಲ್ಲಿ ಸಿಕ್ಕಿತು. ಹಾಗಾದರೆ ಆಸ್ಪತ್ರೆಯಲ್ಲಿ ನೀನು ನನ್ನ ಗಡ್ಡಕ್ಕೆ ಹಾಕಿದ್ದು ಯಾವುದು ಎಂದು ನೀವು ಹುಬ್ಬು ಏರಿಸುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ಅದನ್ನು ಹೇಳಲಿಕ್ಕೇ ಈ ಕಾಗದ. ಮೂವತ್ತು ವರ್ಷ ನಾವು ಆಡಿದ್ದೆಲ್ಲ ತುಳುವಿನಲ್ಲಿ. ಕಾಗದ ಎಂದ ಕೂಡಲೇ ಪೆನ್ನಿಗೆ ಕನ್ನಡವೇ ಬರುತ್ತದೆ, ಶಾಲೆಯಲ್ಲಿ ಕಲಿಸಿದ್ದು ಹಾಗೆ. ಓದುವಾಗ ನೀವೇ ತುಳು ಮಾಡಿಕೊಳ್ಳಿ.

ಮೂಡುಬಿದಿರೆಯ ಆ ಶಾಲೆ ನೆನಪುಂಟಾ? ಏಳನೇ ತರಗತಿಯ ಕೋಣೆಯೇ ಅಂದು ನಮಗೆ ಬಣ್ಣದ ಕೋಣೆ. ಬೆಂಚುಗಳನ್ನು ಗೋಡೆಗೆ ಒತ್ತಿ, ಕಿಟಕಿಯ ಸರಳಿಗೆ ಕನ್ನಡಿ ಕಟ್ಟಿ, ಸ್ಟೀಲಿನ ಲೋಟದಲ್ಲಿ ಬಿಸಿನೀರು ಇಟ್ಟುಕೊಂಡು ನೀವು ಕೂತಿದ್ದಿರಿ. ಹಗಲು ಪಾಣೆಮಂಗಳೂರಿನಲ್ಲಿ ರವಿಕೆ ಹೊಲಿಯುವ ದರ್ಜಿ, ಸಂಜೆ ನಮ್ಮ ನಾಟಕ ಸಂಘದ ತಾಯಿ. ನಾನು ಹೊಸದಾಗಿ ಸೇರಿದ ರಾಜ. ಪರದೆ ಎಳೆಯುವ ಅಪ್ಪನ ಕಾಲಬುಡದಲ್ಲಿ ಮಲಗಿ ಬೆಳೆದವನು, ಗಂಟಲು ಒಂದು ಬಿಟ್ಟರೆ ಬೇರೇನೂ ಇಲ್ಲದವನು. ನೀವು ಬ್ರಶ್ಶಿನಲ್ಲಿ ನೊರೆ ಎಬ್ಬಿಸಿ, ರೇಜರಿಗೆ ನವಿಲಿನ ಬ್ಲೇಡ್ ಹಾಕಿ, ನಿಮ್ಮ ಗಲ್ಲದ ಮೇಲೆ ಒಮ್ಮೆ ಮೇಲಿಂದ ಕೆಳಗೆ, ಮತ್ತೆ ನೊರೆ ಹಚ್ಚಿ ಕೆಳಗಿಂದ ಮೇಲೆ ಎಳೆದಿರಿ. ಚರ್ಮ ಕೆರೆಯುವ ಸದ್ದು ಕೂಡ ಇಲ್ಲ. ಆಮೇಲೆ ಪಟಿಕದ ಕಲ್ಲು ಒದ್ದೆ ಮಾಡಿ ಉಜ್ಜಿ, ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದು, ಸೆರಗಿನ ತುದಿಯನ್ನು ಗಲ್ಲದ ಮೇಲೆ ನಿಧಾನಕ್ಕೆ ಎಳೆದಿರಿ. ದವಡೆಯ ಮೂಲೆಯಲ್ಲಿ ಒಂದು ಎಳೆ ಸಿಕ್ಕಿಕೊಂಡಿತು. ಪುನಃ ನೊರೆ, ಪುನಃ ರೇಜರು. ನಾನು ನಕ್ಕಾಗ ನೀವು ಕನ್ನಡಿಯಿಂದ ಕಣ್ಣು ತೆಗೆಯದೆ ಹೇಳಿದ್ದು ಇಷ್ಟೇ: ಬಣ್ಣದ ಅಡಿಯಲ್ಲಿ ಗಡ್ಡದ ಹಸಿರು ಕಂಡರೆ ಅಲ್ಲಿಗೆ ತಾಯಿ ಸತ್ತಳು.

ಆ ಗಲ್ಲ ನನಗೆ ಗೊತ್ತು. ನಮ್ಮ ನಾಟಕದ ಕೊನೆಯ ಅಂಕದಲ್ಲಿ, ತಾಯಿಯನ್ನು ಅರಮನೆಯಿಂದ ಓಡಿಸಿದ ರಾಜ ಗಾಯಗೊಂಡು ಬಂದು ಅವಳ ಮಡಿಲಲ್ಲೇ ಬೀಳುತ್ತಾನಲ್ಲ… ಎಷ್ಟು ಸಲ ಬಿದ್ದೆನೋ. ನಾನು ಹತ್ತು ನಿಮಿಷ ಗುಡುಗಿ ಬಿದ್ದ ಮೇಲೆ ನೀವು ಬಾಗಿ, ಗಲ್ಲವನ್ನು ನನ್ನ ಹಣೆಗೆ ಒತ್ತಿ, "ಬಂದೆಯಾ ಮಗನೇ? ಊಟ ಆಯಿತಾ?" ಎಂದು ಕೇಳುತ್ತಿದ್ದಿರಿ. ಮೈಕ್ ಹಿಡಿಯದಷ್ಟು ಮೆಲ್ಲಗೆ. ಆದರೂ ಹಿಂದಿನ ಸಾಲಿನ ಹೆಂಗಸರು ಸೆರಗು ಬಾಯಿಗೆ ಹಿಡಿಯುತ್ತಿದ್ದರು. ನನ್ನ ಹತ್ತು ನಿಮಿಷಕ್ಕೆ ಒಬ್ಬರೂ ಅತ್ತದ್ದಿಲ್ಲ. ಅದು ಹೇಗೆ ಮಾಡುತ್ತಿದ್ದಿರಿ ವಾಸಣ್ಣ? ಕೇಳಿದರೆ, ಎಲ್ಲ ಬ್ಲೇಡಿನ ಮಹಿಮೆ ಎಂದು ತಮಾಷೆ ಮಾಡಿ ಬಿಟ್ಟಿರಿ.

ಬಂಟ್ವಾಳದ ಆಸ್ಪತ್ರೆಯಲ್ಲಿ ನಿಮ್ಮನ್ನು ನೋಡಲು ಬಂದ ದಿನ ನಾನು ಮೊದಲು ಗುರುತು ಹಿಡಿಯಲಿಲ್ಲ. ನಿಮ್ಮ ಮುಖದಲ್ಲಿ ಬಿಳಿ ಗಡ್ಡ ನೋಡಿದ್ದೇ ಆವತ್ತು. ಶ್ವಾಸ ಕಟ್ಟುತ್ತಿತ್ತು, ಎರಡು ಮಾತಿಗೊಮ್ಮೆ ನಿಲ್ಲುತ್ತಿದ್ದಿರಿ. ನಿಮ್ಮ ತಂಗಿ ಗಿರಿಜಕ್ಕನನ್ನು ಚಹಾಕ್ಕೆ ಕಳುಹಿಸಿ ನನ್ನ ಕೈ ಹಿಡಿದಿರಿ.

"ದಾಮು, ಒಂದು ನವಿಲು ತಗೊಂಡು ಬಾ. ಪೆಟ್ಟಿಗೆಯಲ್ಲಿ ಇದ್ದದ್ದು ಮುಗಿದಿದೆ. ನೀನೇ ಮಾಡು, ಬೇರೆಯವರು ಬೇಡ. ತಾಯಿ ಗಡ್ಡ ಇಟ್ಟುಕೊಂಡು ಹೋಗಬಾರದು ಮಾರಾಯ."

ನಾನು ಎದೆ ತಟ್ಟಿದೆ. ಮೂರು ತಾಲೂಕಿನಲ್ಲಿ ಜಾಹೀರಾತು ಕೂಗುತ್ತಾ ಮೈಕಿನ ಜೀಪು ಓಡಿಸುವವನು ನಾನು, ಒಂದು ಬ್ಲೇಡ್ ಯಾವ ಮಹಾ ಎಂದು ಇಡೀ ವಾರ್ಡಿಗೆ ಕೇಳುವ ಹಾಗೆ ಹೇಳಿದೆ. ಪಕ್ಕದ ಮಂಚದವರು ಎದ್ದು ಕೂತರು.

ನಾಲ್ಕು ದಿನ ಹುಡುಕಿದೆ. ಬಂಟ್ವಾಳ ಪೇಟೆಯ ಜಿನಸಿನ ಅಂಗಡಿಗಳು, ಪಾಣೆಮಂಗಳೂರಿನ ಫ್ಯಾನ್ಸಿ ಅಂಗಡಿಗಳು, ಮೂಡುಬಿದಿರೆಯ ಸೆಲೂನುಗಳು. ಪ್ಲಾಸ್ಟಿಕ್ ಹಿಡಿಯ ರೇಜರು ಉಂಟು, ಮೂರು ಅಲಗಿನದ್ದು ಉಂಟು, ನವಿಲು ಇಲ್ಲ. ಅದನ್ನು ಮಾಡುವವರೇ ನಿಲ್ಲಿಸಿ ವರ್ಷಗಳಾದವಂತೆ. ಒಬ್ಬ ಸೆಲೂನಿನವರು, ಎಲ್ಲ ಬ್ಲೇಡೂ ಕಬ್ಬಿಣವೇ ಅಲ್ಲವಾ, ಯಾವುದಾದರೇನು ಎಂದರು. ಅಷ್ಟು ದಿನವೂ ಜೀಪಿನ ಮೇಲೆ ಎರಡು ಹಾರನ್ ಕಟ್ಟಿಕೊಂಡೇ ತಿರುಗಿದ್ದೆ. ಬಟ್ಟೆ ಅಂಗಡಿಗೆ ಕೂಗಿದೆ, ಆಟೋಟ ಕೂಟಕ್ಕೆ ಕೂಗಿದೆ, ಯಾರದೋ ಕಳೆದುಹೋದ ಪರ್ಸಿಗೆ ಪುಕ್ಕಟೆ ಕೂಗಿದೆ. ನಿಮ್ಮ ಬ್ಲೇಡಿಗೆ ಕೂಗಲಿಲ್ಲ. ಯಾಕೆ? ಒಂದು ಗಡ್ಡದ ಬ್ಲೇಡಿಗಾಗಿ ರಾಜ ಪೇಟೆಯಲ್ಲಿ ಬೊಬ್ಬೆ ಹೊಡೆದ ಎಂದು ಜನ ನಗಬಾರದಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗಬೇಕು. ಏನೂ ಆಗುವುದಿಲ್ಲ, ಬರೆಯುತ್ತಾ ಇದ್ದೇನೆ ಅಷ್ಟೇ.

ಐದನೆಯ ದಿನ ಗಿರಿಜಕ್ಕ ನಿಮ್ಮ ಬಣ್ಣದ ಪೆಟ್ಟಿಗೆಯಿಂದ ರೇಜರು ತೆಗೆದುಕೊಟ್ಟರು. ನಾಟಕದ ಮಾತು ಬರೆದ ಪುಸ್ತಕದಲ್ಲಿ, ಕೊನೆಯ ಅಂಕದ ಹಾಳೆಗೆ ಗುರುತಾಗಿ, ಒಂದು ಹಳೆಯ ನವಿಲಿನ ಕಾಗದ ಇತ್ತು. ಅಂಗಡಿಯಲ್ಲಿ ಸಿಕ್ಕಿದ ಬೇರೆ ಬ್ಲೇಡನ್ನು ಅದರಲ್ಲಿ ಮಡಚಿದೆ. ನಿಮ್ಮ ಮಂಚದ ಹತ್ತಿರ ನಿಂತು, ದರ್ಬಾರಿನಲ್ಲಿ ಖಡ್ಗ ಒಪ್ಪಿಸುವ ಹಾಗೆ ಎರಡೂ ಕೈಯಲ್ಲಿ ಹಿಡಿದು ತೋರಿಸಿದೆ. ನವಿಲು ನೋಡಿ ನಿಮ್ಮ ಕಣ್ಣು ಅರಳಿತು. ಅಷ್ಟು ವರ್ಷದ ನನ್ನ ವೇಷಗಳಲ್ಲಿ ಅದರಷ್ಟು ಸಲೀಸಾಗಿ ನಡೆದದ್ದು ಬೇರೊಂದಿಲ್ಲ.

ಕ್ಷೌರ ಮಾಡಿದೆ. ಒಮ್ಮೆ ಕೆಳಗೆ, ಒಮ್ಮೆ ಮೇಲೆ. ಬ್ಲೇಡ್ ಎಳೆಯಿತು, ನನ್ನ ಬೆರಳಿಗೇ ಗೊತ್ತಾಯಿತು. ನಿಮಗೆ ನೋಯಲಿಲ್ಲವಾ? ನೀವು ಹಂದಾಡಲಿಲ್ಲ. ಮುಗಿದ ಮೇಲೆ ಕೈ ಚಾಚಿ ಹಾಸಿಗೆಯ ಬಟ್ಟೆಯ ಅಂಚು ಹಿಡಿದು ಗಲ್ಲದ ಮೇಲೆ ಎಳೆದಿರಿ. ಸಿಕ್ಕಿಕೊಂಡಿತು. ಇನ್ನೊಮ್ಮೆ ಎಳೆದಿರಿ, ಇನ್ನೊಮ್ಮೆ ಸಿಕ್ಕಿಕೊಂಡಿತು. ಪುನಃ ಮಾಡು ಎನ್ನುತ್ತೀರಿ ಎಂದು ನಾನು ಬ್ರಶ್ ಎತ್ತಿದೆ. ನೀವು ಬಟ್ಟೆ ಬಿಟ್ಟು ನನ್ನ ಮುಖ ನೋಡಿದಿರಿ.

"ನವಿಲೇ," ಎಂದಿರಿ. "ಒಳ್ಳೆಯದಾಯ್ತು."

ಅದು ನಂಬಿ ಹೇಳಿದ್ದಾ, ನನ್ನ ವೇಷ ಕೆಡಬಾರದೆಂದು ಹೇಳಿದ್ದಾ? ಎದುರಿನ ಪಾತ್ರ ಮಾತು ಮರೆತರೆ ಅದನ್ನೂ ಸೇರಿಸಿ ಹೇಳಿ ದಾಟಿಸುವವರು ನೀವು. ಅದಕ್ಕೇ ನನಗೆ… ಅದಾಗಿ ಮೂರನೆಯ ದಿನ ನೀವು ಇರಲಿಲ್ಲ.

ಉತ್ತರಕ್ರಿಯೆಯ ಬೆಳಿಗ್ಗೆ ನಿಮ್ಮ ಮನೆಯ ಅಂಗಳದಲ್ಲಿ ಗಂಡಸರು ಸಾಲಾಗಿ ಕೂತು ಮೀಸೆ ತೆಗೆಸಿಕೊಳ್ಳುತ್ತಿದ್ದರು. ನಿಮಗೆ ಮಕ್ಕಳಿಲ್ಲ, ಗಿರಿಜಕ್ಕನ ಇಬ್ಬರು ಗಂಡುಮಕ್ಕಳು ಮೊದಲು ಕೂತರು. ನಾನು ಅಂಗಿ ಕಳಚಿ ಸಾಲಿನ ಕೊನೆಯಲ್ಲಿ ಕೂತೆ. ಅದು ಸರಿಯಾ ತಪ್ಪಾ ಎಂದು ಯೋಚಿಸಿದ್ದೂ ಇಲ್ಲ. ಗಿರಿಜಕ್ಕನ ಗಂಡ, ನಿಮ್ಮ ಭಾವ, ಹತ್ತಿರ ಬಂದು ನನ್ನ ಹೆಗಲು ಮುಟ್ಟಿದರು.

"ನೀವು ಏಳಿ ದಾಮಣ್ಣ. ಇದು ಮನೆಯವರಿಗೆ. ನಿಮಗೆ ಮೀಸೆ ನಾಟಕಕ್ಕೆ ಬೇಕಲ್ಲ."

ಕೆಟ್ಟ ಮಾತಲ್ಲ ಅದು. ಪದ್ಧತಿ ಇರುವುದೇ ಹಾಗೆ. ಎದ್ದೆ, ಅಂಗಿ ಹಾಕಿಕೊಂಡೆ, ಪಂಕ್ತಿಯಲ್ಲಿ ಕೂತು ಊಟ ಮಾಡಿದೆ, ಪಾಯಸ ಎರಡನೆಯ ಸಲ ಬಡಿಸಿದರು, ಅದನ್ನೂ ತಿಂದೆ. ಅಳು ಬರಲಿಲ್ಲ. ಪಟಿಕ ಉಜ್ಜಿದ ಮೇಲೆ ಮುಖ ಸ್ವಲ್ಪ ಹೊತ್ತು ತನ್ನದಲ್ಲ ಎಂಬ ಹಾಗೆ ಬಿಗಿದಿರುತ್ತದಲ್ಲ, ಹಾಗೆ ಇತ್ತು. ಅದು ಬಿಡುತ್ತದೆ ಎಂದುಕೊಂಡೆ. ಎರಡು ತಿಂಗಳಾಯಿತು. ದಿನಾ ಜೀಪು ಹತ್ತುತ್ತೇನೆ, ಕೂಗುತ್ತೇನೆ, ಬರುತ್ತೇನೆ.

ಕಳೆದ ತಿಂಗಳು ಸಂಘದ ಸಭೆಯಲ್ಲಿ ನಿಮ್ಮ ಹೆಸರಿನಲ್ಲಿ ಆ ನಾಟಕವನ್ನು ಇನ್ನೊಮ್ಮೆ ಆಡುವ ಎಂದು ತೀರ್ಮಾನವಾಯಿತು. ಈಗ ಹೆಂಗಸರೇ ಬಂದು ಚೆನ್ನಾಗಿ ಅಭಿನಯಿಸುತ್ತಾರೆ. ಆದರೆ ವಾಸಣ್ಣನ ತಾಯಿಯನ್ನು ವಾಸಣ್ಣ ಮಾಡಿದ ಹಾಗೆ ಗಂಡಸೇ ಮಾಡಬೇಕು ಎಂದರು. ಯಾರು ಎಂದು ಕೇಳುವಾಗ ಒಂದು ಕೈ ಮೇಲೆ ಎದ್ದಿತ್ತು. ನೋಡಿದರೆ ನನ್ನದೇ. ಎಲ್ಲರೂ ನಕ್ಕರು. ಈ ಗಂಟಲಿನ ತಾಯಿ ಊಟ ಆಯಿತಾ ಎಂದು ಕೇಳಿದರೆ ಮಗ ಉಣ್ಣದೆ ಓಡಿಯಾನು ಎಂದರು ನಮ್ಮ ಅಧ್ಯಕ್ಷರು. ತಪ್ಪಲ್ಲ. ಅಭ್ಯಾಸದಲ್ಲಿ ಆ ಸಾಲು ಬಂದಾಗಲೆಲ್ಲ ನನ್ನ ಬಾಯಲ್ಲಿ ಅದು ರಾಜಾಜ್ಞೆಯೇ ಆಯಿತು. ತಗ್ಗಿಸಿ, ತಗ್ಗಿಸಿ ಎಂದರು. ತಗ್ಗಿಸುವುದು ಹೇಗೆಂದು ನನಗೆ ಗೊತ್ತಿದ್ದರಲ್ಲವಾ. ಆಗ ನನ್ನ ತಲೆಗೆ ಬಂದದ್ದು ಬ್ಲೇಡ್. ಮೀಸೆ ಹೋಗಲೇಬೇಕು. ಹೋಗುವುದಾದರೆ ನವಿಲಿನಲ್ಲೇ ಹೋಗಲಿ.

ಮೊನ್ನೆ ಸೋಮವಾರ ಬೆಳ್ತಂಗಡಿಯ ಸಂತೆಯ ಹತ್ತಿರ ಒಂದು ಚಪ್ಪಲಿ ಅಂಗಡಿಗೆ ಕೂಗುತ್ತಾ ಹೋಗುವಾಗ ಜೀಪು ನಿಲ್ಲಿಸಿದೆ. ಅಂಗಡಿಯವರ ಕಾಗದ ಬದಿಗಿಟ್ಟು ಮೈಕಿನಲ್ಲಿ ಹೇಳಿದೆ: ಮಹಾಜನಗಳೇ, ಹಸಿರು ಕಾಗದದ ನವಿಲಿನ ಚಿತ್ರದ ಗಡ್ಡದ ಬ್ಲೇಡ್ ಯಾರಲ್ಲಾದರೂ ಇದ್ದರೆ ದಯವಿಟ್ಟು ಈ ಜೀಪಿನ ಹತ್ತಿರ ಬರಬೇಕು. ಜನ ನಕ್ಕರು. ನಗುತ್ತಾರೆ ಎಂದು ನಾನು ಹೆದರಿದ್ದು ಇದಕ್ಕೇನಾ? ಏನೂ ಆಗಲಿಲ್ಲ, ವಾಸಣ್ಣ. ಏನೂ ಆಗಲಿಲ್ಲ. ಮೂರನೆಯ ಸಲ ಕೂಗುವಾಗ ರಸ್ತೆಯ ಆಚೆ ಬದಿಯ ಸಣ್ಣ ಅಂಗಡಿಯಿಂದ ಬಿಳಿ ಟೊಪ್ಪಿಯ ಒಬ್ಬ ಹಿರಿಯರು ಕಿವಿ ಮುಚ್ಚಿಕೊಂಡೇ ಬಂದರು. ಹಮೀದಾಕ ಎಂದು ಅವರ ಹೆಸರು.

"ನಿಲ್ಲಿಸಿ ಮಾರಾಯ್ರೆ, ನನ್ನಲ್ಲಿ ಒಂದು ಪ್ಯಾಕೆಟ್ ಉಂಟು. ಯಾರೂ ಕೇಳುವುದಿಲ್ಲ ಅದನ್ನು. ಯಾರಿಗೆ ಇಷ್ಟು ಅರ್ಜೆಂಟ್?"

"ನನ್ನ ತಾಯಿಗೆ," ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ತಾಯಿಗೆ ಗಡ್ಡದ ಬ್ಲೇಡಾ?"

ಬಾಯಿಂದ ಬಿದ್ದದ್ದು ಏನೆಂದು ನನಗೆ ಆಗಲೇ ಗೊತ್ತಾದದ್ದು. ಮೈಕ್ ಬಂದ್ ಮಾಡಿ, ಅಂಗಡಿಯ ಸ್ಟೂಲಿನಲ್ಲಿ ಕೂತು ಎಲ್ಲ ಹೇಳಿದೆ. ರೇಷ್ಮೆ ಸೆರಗು, ಆಸ್ಪತ್ರೆ, ಕಾಗದ ಬದಲಿಸಿದ್ದು. ಅವರು ಪ್ಯಾಕೆಟಿನ ಧೂಳನ್ನು ಲುಂಗಿಯಲ್ಲಿ ಒರೆಸಿ ನನ್ನ ಕೈಯಲ್ಲಿಟ್ಟು, ದುಡ್ಡು ಬೇಡ ಎಂದು ತಲೆ ಆಡಿಸಿಬಿಟ್ಟರು.

ಇವತ್ತು ಬೆಳಿಗ್ಗೆ ಕಿಟಕಿಗೆ ಕನ್ನಡಿ ಕಟ್ಟಿ ಕೂತೆ. ನಿಮ್ಮದೇ ರೇಜರು, ನಿಮ್ಮದೇ ಸೀರೆ, ಎರಡೂ ಗಿರಿಜಕ್ಕ ಕೊಟ್ಟದ್ದು. ನಿಮ್ಮ ನವಿಲಿನ ವಿಷಯ ಒಂದು ಸತ್ಯ ಹೇಳಲಾ? ಅದೇನು ಅಂಥ ದೊಡ್ಡ ಬ್ಲೇಡ್ ಅಲ್ಲ. ಎರಡು ಕಡೆ ನನಗೆ ರಕ್ತ ಬಂತು. ಮಹಿಮೆ ಕಬ್ಬಿಣದಲ್ಲಿ ಇದ್ದದ್ದಲ್ಲ, ನೀವು ಸುಮ್ಮನೆ ಅದಕ್ಕೆ ಹೆಸರು ಕೊಟ್ಟಿರಿ. ಆದರೂ ಒಮ್ಮೆ ಕೆಳಗೆ, ಒಮ್ಮೆ ಮೇಲೆ. ಮೀಸೆಯನ್ನು ಕೊನೆಗೆ ಇಟ್ಟುಕೊಂಡೆ. ಮೂವತ್ತು ವರ್ಷದ್ದು, ನೊರೆಯ ಜೊತೆ ಲೋಟದಲ್ಲಿ ಬಿತ್ತು. ಪಟಿಕ ಉಜ್ಜಿ ನಿಮ್ಮ ಸೀರೆಯ ಸೆರಗು ಎಳೆದೆ. ಗದ್ದದ ಕೆಳಗೆ ಸಿಕ್ಕಿಕೊಂಡಿತು. ಪುನಃ ಮಾಡಿದೆ. ಮತ್ತೂ ಸಿಕ್ಕಿತು, ಮತ್ತೂ ಮಾಡಿದೆ. ನಾಲ್ಕನೆಯ ಸಲ ರೇಷ್ಮೆ ನೀರಿನ ಹಾಗೆ ಹೋಯಿತು. ಆ ದಿನ ಆಸ್ಪತ್ರೆಯಲ್ಲಿ ನೀವು ಬಟ್ಟೆ ಬಿಟ್ಟ ಮೇಲೂ ನಾನು ಪುನಃ ಮಾಡಬಹುದಿತ್ತಲ್ಲವಾ? ಬ್ರಶ್ ಕೈಯಲ್ಲೇ ಇತ್ತು.

ಆಮೇಲೆ ಎಂದಿನ ಹಾಗೆ ಹಾಲಿಗೆ ಹೋದೆ. ಡೈರಿಯಲ್ಲಿ ಹಾಲು ಅಳೆಯುವ ಲೋಕಯ್ಯಣ್ಣನಿಗೆ ನೀವು ಗೊತ್ತಿಲ್ಲ, ಮೂಡುಬಿದಿರೆ ಬಿಟ್ಟು ಹೋದವರಲ್ಲ, ನಾಟಕದ ಕಡೆ ಬಂದವರೂ ಅಲ್ಲ ಅವರು. ನನ್ನ ಬೋಳು ಮೇಲ್ತುಟಿ ನೋಡಿ ಅವರ ಕೈ ನಿಂತಿತು. ನಮ್ಮ ಕಡೆ ಅದನ್ನು ನೋಡಿದವರು ಕೇಳುವುದು ಒಂದೇ ಮಾತು. ಅವರೂ ದನಿ ತಗ್ಗಿಸಿ ಅದನ್ನೇ ಕೇಳಿದರು, ಮನೆಯಲ್ಲಿ ಯಾರು ಹೋದದ್ದು ಎಂದು. ನಾಟಕಕ್ಕೆ ತೆಗೆದದ್ದು ಎನ್ನಬಹುದಿತ್ತು. ಅದೂ ಸುಳ್ಳಲ್ಲ.

"ನಮ್ಮ ವಾಸಣ್ಣ," ಎಂದೆ.

ಅವರು ಅಳತೆಯ ಪಾತ್ರೆ ಕೆಳಗಿಟ್ಟು ನನ್ನ ಕಡೆ ಬಾಗಿದರು. ಪಾಣೆಮಂಗಳೂರಿನಲ್ಲಿ ಕೂಗಿದರೆ ಸೇತುವೆಯ ಆಚೆ ಕೇಳುತ್ತದೆ ಎಂದು ನೀವು ಹಾಸ್ಯ ಮಾಡುತ್ತಿದ್ದ ಗಂಟಲು ಇದು. ಎರಡು ಮೊಳ ದೂರದಲ್ಲಿ ನಿಂತವರು ಹೇಳಿದರು:

"ಏನು ದಾಮಣ್ಣ? ಕೇಳಲಿಲ್ಲ."

ನಾಡಿದ್ದು ಶನಿವಾರ ನಾಟಕ. ಊಟ ಆಯಿತಾ ಎಂಬ ಆ ಸಾಲನ್ನು ಇದೇ ದನಿಯಲ್ಲಿ ಕೇಳುತ್ತೇನೆ, ವಾಸಣ್ಣ.

ನಿಮ್ಮ
ದಾಮು