ಮನೆ ಸೇರುವ ಮುಂಚಿನ ಸ್ವರಗೊಂಚಲು

ಎರಡನೇ ಮೇ ೧೧, ೨೧೮೬
ಕುಲಶೇಖರ ಗುಡ್ಡ, ಮಂಗಳೂರು

ಪ್ರೀತಿಯ ಸೆವ್ರಿನ್ ಬಾಯಿಯವರೇ,

ತಾರೀಕು ನೋಡಿ ಗಾಬರಿಯಾಗಬೇಡಿ. ಸೆಕೆ ಒಂದು ಮೇ ತಿಂಗಳಲ್ಲಿ ಮುಗಿಯದ ಕಾರಣ ನಮ್ಮ ಕಾಲದವರು ಎರಡು ಮೇ ಇಟ್ಟುಕೊಂಡಿದ್ದಾರೆ. ನನ್ನ ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಕಾಲದ ದೂರದ ಜೊತೆಗೆ ನನ್ನ ಇಂಗ್ಲಿಷ್ ಮೀಡಿಯಂ ಶಾಲೆಯ ತಪ್ಪೂ ಇದೆ. ನಾನು ಜೊವಿಟಾ. ನಿಮ್ಮ ಮೊಮ್ಮಗನ ಮರಿಮಗ ಲಾರ್ವಿನ್‌ನನ್ನು ಮದುವೆಯಾಗಿ ಇವತ್ತಿಗೆ ಹತ್ತೊಂಬತ್ತು ದಿನ. ಎಷ್ಟು ಒಳ್ಳೆಯವನು ಗೊತ್ತಾ! ಗಂಜಿ ಉಣ್ಣುವಾಗಲೂ ಬಟ್ಟಲಿನ ಅಂಚಿನಲ್ಲಿ ತಾಳ ಹಾಕುತ್ತಾನೆ. ಮದುವೆಯಾದವರಿಗೆ ಇಲ್ಲಿ ಒಂದೇ ಒಂದು ಹಿಂದೋಲೆ, ಅಂದರೆ ಹಿಂದಿನ ಕಾಲಕ್ಕೆ ಕಳಿಸುವ ಪತ್ರ, ಬರೆಯಲು ಬಿಡುತ್ತಾರೆ. ಎಲ್ಲರೂ ಅದರಲ್ಲಿ ಹಿರಿಯರ ಆಶೀರ್ವಾದ ಕೇಳುತ್ತಾರೆ. ನಾನು ಕ್ಷಮೆ ಕೇಳಬೇಕಾಗಿದೆ.

ನಮ್ಮಲ್ಲಿ ಹನ್ನೊಂದರಿಂದ ಮೂರರವರೆಗೆ ನೆರಳುಪಾಳಿ. ಆ ಹೊತ್ತಿನಲ್ಲಿ ಯಾರೂ ಬಿಸಿಲಿಗೆ ಇಳಿಯುವಂತಿಲ್ಲ. ತೇಲುಬಸ್ಸುಗಳು ಕೂಡ ಸೇತುವೆಯಡಿ ನಿಂತುಬಿಡುತ್ತವೆ. ಕಿಟಕಿಗೆ ಒದ್ದೆ ಲಾವಂಚದ ತಟ್ಟಿ ಇಳಿಬಿಟ್ಟು, ಗಂಜಿ ಮತ್ತು ಉಪ್ಪಿನಲ್ಲಿಟ್ಟ ಮಾವಿನಕಾಯಿಯ ಜೊತೆ ಮನೆಮಂದಿಯೆಲ್ಲ ಏನಾದರೂ ಕೇಳುತ್ತಾ ಕೂರುತ್ತಾರೆ. ಹೊಸ ಸೊಸೆ ತನ್ನ ಮೊದಲ ನೆರಳುಪಾಳಿಗೆ ಆ ಮನೆಯ ಒಂದು ಹಳೆಯ ಧ್ವನಿಮುದ್ರಣವನ್ನು, ಅದರ ಗದ್ದಲ ತೊಳೆಸಿ ತರುವುದು ಪದ್ಧತಿ. ತೊಳೆಯುವ ಯಂತ್ರಕ್ಕೆ ಜರಡಿಕಿವಿ ಎನ್ನುತ್ತೇವೆ. ಅದು ಹಳೆಯ ಫೋನುಗಳ ನೆನಪನ್ನು ಓದುತ್ತಲೇ ಸುಡುತ್ತದೆ. ಎರಡನೆಯ ಸಲ ಓದಲಾಗದು. ಆದ್ದರಿಂದ ಮೊದಲು ಹಿರಿಯರನ್ನು ಕೇಳಬೇಕು. ನಾನು ಕೇಳಲಿಲ್ಲ. ಎಲ್ಲರನ್ನೂ ಬೆರಗುಗೊಳಿಸುವ ಆಸೆ!

ನಾನು ತೊಳೆಸಿದ್ದು ನಿಮ್ಮ ಫೋನಿನಲ್ಲಿ ಉಳಿದಿದ್ದ ನಿಮ್ಮ ಪಿಯಾನೋ ನುಡಿತವನ್ನು.

ಹಲವು ಸ್ವರಗಳನ್ನು ಒಟ್ಟಿಗೆ ಒತ್ತಿದಾಗ ನೀವು ಕಾರ್ಡ್ ಎನ್ನುವುದನ್ನು ನಾವು ಸ್ವರಗೊಂಚಲು ಎನ್ನುತ್ತೇವೆ. ಜಾಝ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಎರಡು, ಐದು, ಒಂದು ಎಂಬ ಮೂರು ಗೊಂಚಲುಗಳ ನಡೆ. ಎರಡು ಎಂದರೆ ಹೊರಡಲು ಚಪ್ಪಲಿ ಹುಡುಕುತ್ತಿರುವ ನೆಂಟ. ಐದು ಎಂದರೆ ಹೊಸ್ತಿಲಲ್ಲಿ ನಿಂತೂ ಮಾತು ಮುಗಿಸದವನು. ಒಂದು ಎಂದರೆ ಮನೆ. ಆ ಐದರೊಳಗೆ ಒಂದಕ್ಕೊಂದು ಒಗ್ಗದ ಎರಡು ಸ್ವರಗಳು ಜಗಳಾಡುತ್ತವೆ. ಮನೆ ಸೇರಿದ ಕೂಡಲೇ ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಸರಿದು ರಾಜಿಯಾಗುತ್ತವೆ. ಆ ಜಗಳವಿಲ್ಲದಿದ್ದರೆ ರಾಜಿಗೆ ರುಚಿಯಿಲ್ಲ. ನೀವಾದರೋ ಐದರ ಜಾಗದಲ್ಲಿ, ಮನೆಗಿಂತ ಅರ್ಧ ಮೆಟ್ಟಿಲಷ್ಟೇ ಮೇಲಿರುವ ಬೇರೊಂದು ಗೊಂಚಲನ್ನು ಇಟ್ಟಿದ್ದಿರಿ. ಜಗಳದ ಸ್ವರಗಳು ಅವೇ, ನೆಲ ಮಾತ್ರ ಬೇರೆ. ಕೆಳಗಿನ ಸ್ವರ ಹಿತ್ತಿಲ ಬಾಗಿಲಿನಿಂದ ಸದ್ದಿಲ್ಲದೆ ಒಳಗೆ ಜಾರುತ್ತಿತ್ತು. ಅದರ ಮೇಲೆ ಇನ್ನೂ ಏನನ್ನೋ ಸೇರಿಸಿದ್ದಿರಿ. ಮದುವೆಗೆ ಮುಂಚೆ ಒಮ್ಮೆ ಕೇಳಿ, ಸಂತೋಷಕ್ಕೆ ಅತ್ತುಬಿಟ್ಟಿದ್ದೆ.

ಜರಡಿಕಿವಿ ಫ್ಯಾನಿನ ಸದ್ದು ತೆಗೆಯಿತು. ನಡುವೆ ನೀವು "ಓ ಮಾರಾಯ್ರೆ, ಆ ಫ್ಯಾನ್ ಒಮ್ಮೆ ಬಂದ್ ಮಾಡಿ!" ಎಂದು ಯಾರನ್ನೋ ಗದರಿದ್ದನ್ನೂ ತೆಗೆಯಿತು. ಆ ಗೊಂಚಲನ್ನು ಕೈತಪ್ಪು ಎಂದು ಭಾವಿಸಿ, ಅಲ್ಲಿ ಸಾದಾ ಐದನ್ನು ಕೂರಿಸಿತು. ಎಲ್ಲರೆದುರು ಅದನ್ನು ಕೇಳಿಸಿದಾಗ, ಎವ್ಜಿನ್ ಮಾವ, ಅಂದರೆ ಲಾರ್ವಿನ್‌ನ ಅಪ್ಪ, ಚಿಕ್ಕಂದಿನಿಂದ ಕೇಳಿ ಬಲ್ಲ ಆ ಜಾಗ ಬರುವ ಮುಂಚೆ ಕಣ್ಣು ಮುಚ್ಚಿದರು. ಜಾಗ ದಾಟಿತು. ಕಣ್ಣು ತೆರೆದು "ಚಂದ ಉಂಟು ಮಗಾ" ಎಂದರು. ಮತ್ತೆ ಗಂಜಿ ಮುಟ್ಟಲಿಲ್ಲ. ಅಡುಗೆಮನೆಯಲ್ಲಿ ಲಾರ್ವಿನ್ "ನೀನು ಎಂತ ಮಾಡಿದ್ದು ಮಾರಾಯ್ತಿ? ಅಜ್ಜಿಗೆ ಇಸ್ತ್ರಿ ಹಾಕಿ ತಂದದ್ದಾ?" ಎಂದ. ನಗಿಸಲೆಂದೇ ಹೇಳಿದ್ದು. ಇಬ್ಬರಿಗೂ ನಗು ಬರಲಿಲ್ಲ.

ಅಂದಿನಿಂದ ಮಾವ ದಿನವೂ ನಿಮ್ಮ ಪಿಯಾನೋದ ಮುಂದೆ ಕೂತು ಆ ಗೊಂಚಲನ್ನು ಹುಡುಕುತ್ತಾರೆ. ಕೆಳಗಿನ ಸ್ವರ ಸಿಕ್ಕಿದೆ, ಜಗಳದ ಜೋಡಿಯೂ ಸಿಕ್ಕಿದೆ. ಉಳಿದ ಬೆರಳುಗಳನ್ನು ನೀವು ಎಲ್ಲಿಟ್ಟಿದ್ದಿರೋ ಸಿಕ್ಕಿಲ್ಲ. ಪ್ರತಿ ಸಲ "ಇದಲ್ಲ" ಎನ್ನುತ್ತಾರೆ. ಇದು ಎಂದು ಗುರುತಿಸಬಲ್ಲ ಕಿವಿ ಅವರದೊಂದೇ, ಅದೂ ಮಂದವಾಗುತ್ತಿದೆ. ಕೇಳುವ ಶಕ್ತಿ ಮಳೆಗಾಲದವರೆಗೆ ಉಳಿದರೆ ಹೆಚ್ಚು ಎಂದಿದ್ದಾರೆ ಡಾಕ್ಟರು.

ಆದ್ದರಿಂದ ಕೇಳುತ್ತಿದ್ದೇನೆ: ಆ ಗೊಂಚಲಿನ ಸ್ವರಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. ಪಿಯಾನೋದ ಮುಚ್ಚಳದೊಳಗೆ ಬೇಡ, ಅಲ್ಲಿ ನೋಡಿಯಾಗಿದೆ. ಹಿಂದಿನ ಹಲಗೆ ಬಿಚ್ಚಿಯೂ ನೋಡಿದೆವು, ಏನೂ ಇರಲಿಲ್ಲ. ಕೂರುವ ಸ್ಟೂಲಿನ ಮೆತ್ತೆಯ ಹೊಲಿಗೆಯನ್ನು ಮಾತ್ರ ನಾನಿನ್ನೂ ಬಿಚ್ಚಿಲ್ಲ. ಈ ಪತ್ರ ಕೊಟ್ಟು ಬಂದ ಮೇಲೆಯೇ ಬಿಚ್ಚುತ್ತೇನೆ. ದಯವಿಟ್ಟು ಅಲ್ಲೇ ಇಡಿ.

ನಿಮ್ಮ ಮನೆಯ ಸೊಸೆ,
ಜೊವಿಟಾ