ನನ್ನ ದನಿಯಲ್ಲಿ ಇವರ ಮಾತು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7.10

ಟ್ಯಾಬ್ ಚಾರ್ಜಿಗೆ ಹಾಕಿದೆ. ನಾನು ಕೆಲಸಕ್ಕೆ ಹೊರಡುವುದರೊಳಗೆ ನೂರಾಗಬೇಕು. ಇಲ್ಲದಿದ್ದರೆ ಮಧ್ಯಾಹ್ನ ಇವರ ಬಾಯಿಗೆ ಬೀಗ.

ಪರದೆಯ ಮೇಲೆ ಒಂದು ಸೂಚನೆ ಬಂದಿತ್ತು. ಹೊಸ ಅಪ್‌ಡೇಟ್ ಇದೆಯಂತೆ. ಈಗ ಹಾಕಲೋ, ಆಮೇಲೆ ಹಾಕಲೋ ಎಂಬ ಎರಡೇ ಬಟನ್. ಬೇಡ ಎನ್ನುವುದಕ್ಕೆ ಬಟನ್ನೇ ಇಲ್ಲ! ಸೂಚನೆಯನ್ನು ಪಕ್ಕಕ್ಕೆ ತಳ್ಳಿದೆ.

ಅಷ್ಟರಲ್ಲಿ ಇವರು ಮೇಜಿನ ಆಚೆಯಿಂದ ಕೈ ಚಾಚಿ ಒತ್ತಿದರು. "ಕಾಫಿ. ಬಿಸಿ. ಬೇಗ." ಟ್ಯಾಬಿನೊಳಗಿಂದ ನನ್ನದೇ ದನಿ. ಒಂದೂವರೆ ವರ್ಷದಿಂದ ನನ್ನ ಗಂಟಲಿನಲ್ಲೇ ನನಗೆ ಆರ್ಡರು. ಸ್ಟ್ರೋಕ್ ಆದ ಮೇಲೆ ಮಾತು ಹೋಯಿತು, ಅಕ್ಷರವೂ ಹೋಯಿತು. ಪೇಪರ್ ಮುಂದಿಟ್ಟರೆ ಹೊಸ ಲಿಪಿ ಕಂಡವರಂತೆ ನೋಡುತ್ತಾರೆ. ಚಿತ್ರ ಮಾತ್ರ ಗೊತ್ತಾಗುತ್ತದೆ, ಅಂಕಿಯೂ ಕೂಡ. ಆಸ್ಪತ್ರೆಯ ಮಾತಿನ ಟೀಚರ್ ಈ ಆ್ಯಪ್ ಹಾಕಿಕೊಟ್ಟು, "ನೀವೇ ರೆಕಾರ್ಡ್ ಮಾಡಿ, ಪರಿಚಯದ ದನಿ ಇರ್ಲಿ" ಎಂದಿದ್ದರು. ಇನ್ನೂರ ಹದಿನಾಲ್ಕು ಚೌಕ, ಒಂದೊಂದರಲ್ಲೂ ಒಂದು ಚಿತ್ರ, ಒತ್ತಿದರೆ ಒಂದು ಮಾತು. "ಸಾಕು ಬಾಯಿ ಮುಚ್ಚು" ಎನ್ನುವ ಚೌಕವೂ ಇದೆ. ಅದನ್ನು ರೆಕಾರ್ಡ್ ಮಾಡಿದವಳೂ ನಾನೇ, ದಿನಕ್ಕೆ ನಾಲ್ಕು ಸಲ ಕೇಳಿಸಿಕೊಳ್ಳುವವಳೂ ನಾನೇ.

ತೊಂಬತ್ತೆಂಟು. ಹೊರಡಬೇಕು.

ಮಾರ್ಚ್ 4, ಮಂಗಳವಾರ

ಅಂಗಡಿಯಲ್ಲಿ ಕನ್ನಡಕಕ್ಕೆ ಗ್ಲಾಸು ಕೂರಿಸುತ್ತಿದ್ದೆ. ಟೀಚರ್ ಫೋನ್.

"ಅಕ್ಕಾ, ಟ್ಯಾಬಲ್ಲಿ ಅಪ್‌ಡೇಟ್ ಕೇಳ್ತಿದೆಯಾ? ಯಾವ ಕಾರಣಕ್ಕೂ ಹಾಕ್ಬೇಡಿ."

ಇನ್ನೊಂದು ಮನೆಯಲ್ಲಿ ತಾನಾಗಿ ಹಾಕಿಕೊಂಡುಬಿಟ್ಟಿತಂತೆ. ಆಮೇಲೆ ಮಾತಿನ ಆ್ಯಪ್ ತೆರೆಯುವುದೇ ಇಲ್ಲ. ಮಾಡಿದ ಕಂಪನಿ ಬಾಗಿಲು ಹಾಕಿ ವರ್ಷವಾಯಿತು, ಹೊಸದಕ್ಕೆ ಹೊಂದಿಸುವವರು ಯಾರೂ ಇಲ್ಲ.

ಗ್ಲಾಸಿನ ಅಂಚು ಒಡೆದೆ. ಅರ್ಧ ದಿನ ರಜೆ ಹಾಕಿ ಮನೆಗೆ ಓಡಿದೆ, ಟ್ಯಾಬ್ ಎತ್ತಿಕೊಂಡು ಮೊಬೈಲ್ ರಿಪೇರಿಯಾಕೆಯ ಹತ್ತಿರ ಹೋದೆ. ಆಕೆ ಸೆಟ್ಟಿಂಗ್ಸ್ ಒಳಗೆ ಹೋಗಿ, ಅದರೊಳಗೆ ಇನ್ನೊಂದರ ಒಳಗೆ ಹೋಗಿ, ತಾನಾಗಿ ಅಪ್‌ಡೇಟ್ ಆಗುವ ಸ್ವಿಚ್ ಆಫ್ ಮಾಡಿದಳು. ಆ್ಯಪುಗಳದ್ದು ಬೇರೆ ಸ್ವಿಚ್ಚಂತೆ. ಅದನ್ನೂ ಆಫ್ ಮಾಡಿದಳು.

"ಇಷ್ಟಕ್ಕೇ ನಂಬ್ಕೊಂಡು ಕೂರ್ಬೇಡಿ. ವೈಫೈ ಆಫ್ ಇಟ್ಟಿರಿ. ಏನಾದ್ರೂ ಕೇಳಿದ್ರೆ ಯಾವ್ದನ್ನೂ ಒತ್ಬೇಡಿ."

ಇಪ್ಪತ್ತೇಳನೇ ತಾರೀಖಿನವರೆಗೆ ಉಳಿದರೆ ಸಾಕು. ಅವತ್ತು ಫಿಟ್‌ನೆಸ್ ಬೋರ್ಡ್. ಲಿಫ್ಟ್ ಕಂಪನಿಯವರು ಇವರನ್ನು ವರ್ಕ್‌ಶಾಪಿಗೆ ವಾಪಸ್ ತೆಗೆದುಕೊಳ್ಳಲು ಒಪ್ಪಿದ್ದಾರೆ. ಮೋಟಾರಿನ ಸದ್ದು ಕೇಳಿ ಎಲ್ಲಿ ದೋಷ ಎಂದು ಹೇಳುವ ಕೆಲಸ. ಆದರೆ ಮೂವರು ಡಾಕ್ಟರುಗಳ ಮುಂದೆ ಇವರೇ ಉತ್ತರ ಹೇಳಬೇಕು. ಜೊತೆಗೆ ಬಂದವರು ಹೇಳಿಕೊಡುವಂತಿಲ್ಲ. ತಪ್ಪಿದರೆ ಕಡ್ಡಾಯ ನಿವೃತ್ತಿ. ನಲವತ್ತೊಂಬತ್ತು ವಯಸ್ಸಿಗೆ.

ಮಾರ್ಚ್ 9, ಭಾನುವಾರ. ಸಂಜೆ

ಮೈದುನ ಬಂದಿದ್ದ. ಅಣ್ಣನಿಗೆ ಹಳೆ ಮ್ಯಾಚ್ ತೋರಿಸುತ್ತೇನೆಂದು ಟ್ಯಾಬಿಗೆ ವೈಫೈ ಹಾಕಿದ್ದಾನೆ. ನಾನು ಬಟ್ಟೆ ಒಣಹಾಕಿ ಬರುವುದರೊಳಗೆ!

"ಅತ್ತಿಗೆ, ಏನೋ ಸುಮ್ನೆ ಕಾಟ ಕೊಡ್ತಾ ಇತ್ತು. ಆಮೇಲೆ ಅಂತ ಒತ್ಬಿಟ್ಟೆ, ಹೋಯ್ತು."

"ಅದು ಹೋಗಿಲ್ಲ ಕಣೋ! ಆಮೇಲೆ ಅಂದ್ರೆ ಆಮೇಲೆ ಹಾಕು ಅಂತ!"

"ಒಂದು ಬಟನ್ನಿಗೆ ಇಷ್ಟೊಂದು ಕೂಗಾಡ್ತೀರಲ್ಲ..."

ಬಾಯಿಗೆ ಬಂದದ್ದೆಲ್ಲ ಅಂದೆ. ಎಂಜಿನಿಯರಂತೆ, ಯಾವ ಪುಣ್ಯಾತ್ಮ ಪಾಸು ಮಾಡಿದನೋ. ಇವರು ಒತ್ತಿದರು: "ಸಾಕು ಬಾಯಿ ಮುಚ್ಚು." ಮೈದುನ ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ.

ರಿಪೇರಿಯಾಕೆಗೆ ಫೋನ್ ಮಾಡಿದೆ. ಹೇಳಿದ ಕಡೆ ತೆರೆದು ಓದಿದೆ. ಅಪ್‌ಡೇಟಿಗೆ ಜಾಗ ಸಾಲದು ಎಂದು ಕೆಂಪಕ್ಷರದಲ್ಲಿ ಬಂದಿತ್ತು.

"ಬಚಾವಾದ್ರಿ. ಒಪ್ಪಿಗೆ ಹೋಗಿದೆ, ಜಾಗ ಇಲ್ದೆ ನಿಂತಿದೆ ಅಷ್ಟೆ. ನಾಳೆ ತನ್ನಿ, ಒಪ್ಪಿಗೆ ರದ್ದು ಮಾಡ್ಕೊಡ್ತೀನಿ. ಅಲ್ಲೀವರೆಗೂ ಏನೂ ಅಳಿಸ್ಬೇಡಿ."

ನಾಳೆ ಹೋಗಬೇಕು.

ಮಾರ್ಚ್ 11, ಮಂಗಳವಾರ

ಹೋಗಲಾಗಲಿಲ್ಲ. ಅಂಗಡಿಯಲ್ಲಿ ಸ್ಟಾಕ್ ಎಣಿಕೆ. ಸಾವಿರದ ಇನ್ನೂರು ಫ್ರೇಮು, ನಾನೂ ಮಾಲೀಕರೂ ಇಬ್ಬರೇ. ನಾಳೆ.

ಮಾರ್ಚ್ 15, ಶನಿವಾರ

ಇನ್ನೂ ಹೋಗಿಲ್ಲ.

ಬರೆದೇ ಬಿಡುತ್ತೇನೆ. ಇವರು ಕೆಲಸಕ್ಕೆ ಹೋಗುವುದು ನನಗೆ ಬೇಡ.

ಹೊರಗೆ ಎಲ್ಲರ ಹತ್ತಿರ "ಅವರು ಹೋಗ್ಲೇಬೇಕು, ಮನೇಲಿ ಕೂತು ಸೊರಗ್ತಿದಾರೆ" ಎನ್ನುತ್ತೇನೆ. ಅದೂ ಸುಳ್ಳಲ್ಲ. ಕಿಟಕಿಯ ಪಕ್ಕ ಕೂತು ಎದುರಿನ ಕಟ್ಟಡದ ಲಿಫ್ಟಿನ ಸದ್ದಿಗೆ ಕಿವಿ ಕೊಡುತ್ತಾರೆ. ಹೋದ ತಿಂಗಳು ನನ್ನನ್ನು ಕರೆದು "ಕೆಟ್ಟಿದೆ" ಒತ್ತಿದರು. ಎರಡು ದಿನಕ್ಕೆ ನಿಜವಾಗಿಯೂ ಕೆಟ್ಟು ನಿಂತಿತು. ಅವತ್ತು ಇವರ ಮುಖ ನೋಡಬೇಕಿತ್ತು!

ಆದರೆ ಸ್ಟ್ರೋಕ್ ಆದದ್ದು ಎಲ್ಲಿ? ಹನ್ನೊಂದನೇ ಮಹಡಿಯ ಮೇಲಿನ ಮೆಷಿನ್ ರೂಮಿನಲ್ಲಿ. ಒಬ್ಬರೇ ಇದ್ದರು. ಕೂಗಲು ದನಿ ಇಲ್ಲ, ಎರಡು ಗಂಟೆ ನೆಲದ ಮೇಲೆ. ಕೆಳಗೆ ಜನ ಲಿಫ್ಟ್ ಬರಲಿಲ್ಲವೆಂದು ಬೈಯುತ್ತಾ ಮೆಟ್ಟಿಲು ಹತ್ತುತ್ತಿದ್ದರಂತೆ. ವರ್ಕ್‌ಶಾಪ್ ನೆಲಮಹಡಿಯಲ್ಲಿದೆ ಎನ್ನುತ್ತಾರೆ. ಇವರ ಕಾಲು ನೆಲದ ಮೇಲೆ ನಿಲ್ಲುವ ಜಾತಿಯದ್ದೇ? ಇವತ್ತು ಕೆಳಗೆ, ನಾಳೆ ಯಾವನೋ ಒಬ್ಬ "ಸ್ವಲ್ಪ ಬಂದು ಕೇಳಿ ಸಾರ್" ಎಂದರೆ ಸಾಕು, ಮೇಲೆ.

ಮನೆಯಲ್ಲಿದ್ದರೆ ಬದುಕಿರುತ್ತಾರೆ. ಇಷ್ಟೇ ನನ್ನ ಲೆಕ್ಕ. ಇವರಿಗೆ ಇದನ್ನು ಹೇಳಿಲ್ಲ. ಹೇಳುವುದೂ ಇಲ್ಲ.

ಮಾರ್ಚ್ 20, ಗುರುವಾರ

ಇವರದ್ದು ಒಂದೇ ಹಟ. ಬೋರ್ಡಿಗೆ ಮುಂಚೆ ಕೆಲಸದ ಮಾತುಗಳು ಬೇಕು. ತಮ್ಮ ಹಳೇ ಟೂಲ್ ಪೆಟ್ಟಿಗೆ ಎಳೆದು ತಂದು ಒಂದೊಂದೇ ಎತ್ತಿ ತೋರಿಸಿದರು. ಬೇರಿಂಗ್. ಬ್ರೇಕ್. ಹಗ್ಗ. ಕೈಸನ್ನೆಯಲ್ಲಿ "ಕರೆಂಟ್ ಆಫ್ ಮಾಡಿ". ಮತ್ತೆ "ಇನ್ನೊಂದ್ಸಲ ಓಡಿಸಿ".

ರೆಕಾರ್ಡ್ ಮಾಡಲು ಕೂತರೆ ಜಾಗವಿಲ್ಲ ಎಂದಿತು. ಗ್ಯಾಲರಿಯಲ್ಲಿ ನಾಲಿಗೆ ವ್ಯಾಯಾಮದ ವಿಡಿಯೊ ಅರವತ್ತಮೂರು. ಈಗ ಯಾಕೆ ಬೇಕು? ಅಳಿಸಿದೆ. ಒಂದೇ ಏಟಿಗೆ ಎಲ್ಲವೂ. ಹನ್ನೆರಡು ಹೊಸ ಚೌಕ ಮಾಡಿದೆವು. "ಬೇರಿಂಗ್ ಹೋಗಿದೆ" ಎಂದು ಹೇಳಲು ನನಗೆ ಮೂರು ಸಲ ಬೇಕಾಯಿತು. ಮೊದಲೆರಡು ಸಲ ಯಾರೋ ಸತ್ತ ಸುದ್ದಿಯ ಹಾಗಿತ್ತು. ಇವರು ತಲೆ ಅಲ್ಲಾಡಿಸಿ ಮತ್ತೆ ಹೇಳಿಸಿದರು.

ಎಲ್ಲಾ ದನಿಗಳ ಒಂದು ಪ್ರತಿ ತಮಗೆ ಕಳಿಸಿಟ್ಟಿರಿ ಎಂದು ಟೀಚರ್ ಹೇಳಿದ್ದರು. ಅದಕ್ಕೆ ವೈಫೈ ಹಾಕಿದೆ. ಹತ್ತು ನಿಮಿಷ ಅಷ್ಟೆ.

ಮಾರ್ಚ್ 21, ಶುಕ್ರವಾರ. ಬೆಳಿಗ್ಗೆ 8.20

ಆಫ್ ಮಾಡಿರಲಿಲ್ಲ. ವೈಫೈ ಆಫ್ ಮಾಡಿರಲಿಲ್ಲ.

ಏಳಕ್ಕೆ ಚಾರ್ಜಿಗೆ ಹಾಕಿ ಸ್ನಾನಕ್ಕೆ ಹೋದೆ. ಬಂದರೆ ಕಪ್ಪು ಪರದೆ, ನಡುವೆ ಒಂದು ಬಿಳಿ ಗೆರೆ, ನಿಧಾನವಾಗಿ ಉದ್ದವಾಗುತ್ತಿದೆ. ಇವರು ಪಕ್ಕದಲ್ಲಿ ನಿಂತು ಅದನ್ನೇ ನೋಡುತ್ತಿದ್ದಾರೆ. ವೈರ್ ಕಿತ್ತೆ. ಗೆರೆ ನಿಲ್ಲಲಿಲ್ಲ. ಎಲ್ಲಾ ಬಟನ್ ಒತ್ತಿ ಹಿಡಿದೆ. ಅರವತ್ತು... ಎಪ್ಪತ್ತು... 

ಆಯಿತು. "ಸ್ವಾಗತ" ಎಂದಿತು. ಯಾರ ಮನೆಗೆ ಯಾರನ್ನು ಸ್ವಾಗತಿಸುವುದು!

ಆ್ಯಪ್ ಒತ್ತಿದೆ. ಒಂದು ಕ್ಷಣ ತೆರೆದು ಮುಚ್ಚಿಕೊಂಡಿತು. ಮತ್ತೆ ಒತ್ತಿದೆ. ಮತ್ತೆ. ಇವರು ನನ್ನ ಕೈ ಸರಿಸಿ ತಾವೇ ಒತ್ತಿದರು. ಎಷ್ಟು ಸಲ ಎಂದು ಎಣಿಸಲಿಲ್ಲ. ಆಮೇಲೆ ಟ್ಯಾಬ್ ಬೋರಲು ಹಾಕಿ ಕಿಟಕಿಯ ಹತ್ತಿರ ಹೋದರು.

ಅದೇ ದಿನ, ಸಂಜೆ

ರಿಪೇರಿಯಾಕೆ ಒಂದು ಗಂಟೆ ಹೆಣಗಿದಳು. ಹಿಂದಿನದಕ್ಕೆ ವಾಪಸ್ ತರಲು ಆಗುವುದಿಲ್ಲ. ಟೀಚರಿಗೆ ಕಳಿಸಿದ ದನಿಗಳ ಪ್ರತಿಯೂ ಆ ಆ್ಯಪ್ ಇಲ್ಲದೆ ತೆರೆಯುವುದಿಲ್ಲವಂತೆ.

"ಏನಾದ್ರೂ ಅಳಿಸಿದ್ರಾ?"

"ವಿಡಿಯೊ."

"ಅಳಿಸ್ಬೇಡಿ ಅಂದಿದ್ನಲ್ಲಕ್ಕ. ಮಾರನೇ ದಿನ ಬರ್ತೀನಂದ್ರಿ. ನಾನೂ ಕಾದೆ."

ಬೈದಿದ್ದರೆ ವಾಸಿಯಿತ್ತು. ಮೈದುನನಿಗೆ ಅಷ್ಟು ಅಂದೆನಲ್ಲ... ಅವನು ಒತ್ತಿದ್ದು ಒಂದು ಬಟನ್. ಮಿಕ್ಕಿದ್ದೆಲ್ಲ ನನ್ನ ಕೈಯದ್ದೇ. ಜಾಗ ಮಾಡಿಕೊಟ್ಟವಳು, ವೈಫೈ ಹಾಕಿದವಳು, ಚಾರ್ಜಿಗೆ ಸಿಕ್ಕಿಸಿದವಳು. ಹನ್ನೊಂದು ದಿನ ಅವಳ ಅಂಗಡಿಗೆ ಹೋಗದವಳು. ಸ್ಟಾಕ್ ಎಣಿಕೆ ಎರಡೇ ದಿನಕ್ಕೆ ಮುಗಿದಿತ್ತು.

ಬೇಕೆಂದೇ ಮಾಡಿದೆನೇ? ಇಲ್ಲ. ಆಣೆ ಮಾಡಿ ಹೇಳುತ್ತೇನೆ, ಇಲ್ಲ. ಆದರೆ ಆ ಬಿಳಿ ಗೆರೆ ತುಂಬಿದಾಗ ಎದೆಯ ಒಂದು ಮೂಲೆ ಹಗುರವಾಯಿತು. ಅದು ನನಗೆ ಗೊತ್ತು. ಥೂ ನನ್ನ ಜನ್ಮಕ್ಕೆ.

ಬೋರ್ಡಿನವರಿಗೆ ಫೋನ್ ಮಾಡಿದೆ. ಮುಂದೂಡುವುದಿಲ್ಲ. ಮುಂದಿನದು ಆರು ತಿಂಗಳಿಗೆ, ಆ ಹೊತ್ತಿಗೆ ವರ್ಕ್‌ಶಾಪಿನ ಕೆಲಸ ಇರುವುದಿಲ್ಲ.

ಮಾರ್ಚ್ 25, ಮಂಗಳವಾರ

ಮೂರು ದಿನ ಇವರು ಏನನ್ನೂ ಕೇಳಲಿಲ್ಲ. ಕಾಫಿಯನ್ನೂ. ಬೈಗುಳವಿಲ್ಲದ ಮನೆ ಇಷ್ಟು ಭಯಂಕರ ಎಂದು ಗೊತ್ತಿರಲಿಲ್ಲ.

ನಿನ್ನೆ ಸಂಜೆ ನೋಡಿದೆ. ಖಾಲಿ ಮೇಜಿನ ಮೇಲೆ ಇವರ ಎಡಗೈ ಬೆರಳು ಓಡಾಡುತ್ತಿತ್ತು. ಮೇಲೆ ಎಡಕ್ಕೆ, ಕೆಳಗೆ ನಡುವೆ, ಬಲ ತುದಿ. ನೀರು. ಬಿಸಿ. ಬೇಕು. ಚೌಕಗಳ ಜಾಗ ಬೆರಳಿಗೆ ಬಾಯಿಪಾಠ!

ಅಂಗಡಿಯಿಂದ ಹಳೇ ಕಣ್ಣು ಪರೀಕ್ಷೆಯ ಚಾರ್ಟ್ ತಂದೆ. ಗಟ್ಟಿ ರಟ್ಟು. ಹಿಂಬದಿಯಲ್ಲಿ ಗೆರೆ ಎಳೆದು ಮುಖ್ಯವಾದ ತೊಂಬತ್ತಾರು ಚೌಕ, ಅದೇ ಜಾಗದಲ್ಲಿ. ಅಕ್ಷರ ಬರೆಯುವಂತಿಲ್ಲ. ಅಕ್ಷರ ಕಂಡರೆ ಇವರ ಬೆರಳು ಗಾಬರಿಯಾಗಿ ನಿಂತುಬಿಡುತ್ತದೆ. ಚಿತ್ರವೇ ಆಗಬೇಕು. ನನ್ನ ಚಿತ್ರಕಲೆ ದೇವರಿಗೇ ಪ್ರೀತಿ. ಲಿಫ್ಟ್ ಬೀರುವಿನ ಹಾಗಿದೆ, ಬೇರಿಂಗ್ ಬಳೆಯ ಹಾಗಿದೆ, "ಹೆಂಡತಿ" ಚೌಕದಲ್ಲಿರುವುದು ನಾನೋ ಪೊರಕೆಯೋ. ಇವರು ಅದನ್ನು ನೋಡಿ ಭುಜ ಕುಲುಕಿ ನಕ್ಕರು. ನಾಲ್ಕು ದಿನದಲ್ಲಿ ಮೊದಲ ಸಲ.

ಇವರು ಬೆರಳಿಡುತ್ತಾರೆ, ನಾನು ಗಟ್ಟಿಯಾಗಿ ಹೇಳುತ್ತೇನೆ. ದನಿ ಹೇಗಿದ್ದರೂ ನನ್ನದೇ ಆಗಿತ್ತಲ್ಲ. ಇವತ್ತು ಎರಡು ಗಂಟೆ ಅಭ್ಯಾಸ. ಒಂದು ಕಡೆಯೂ ತಡವರಿಸಲಿಲ್ಲ.

ಮಾರ್ಚ್ 27, ಗುರುವಾರ. ಮಧ್ಯಾಹ್ನ 1.15. ಆಸ್ಪತ್ರೆಯ ಬೆಂಚು

ಒಳಗಿನಿಂದ ಬಂದೆವು. ಕಾಯಿರಿ ಎಂದಿದ್ದಾರೆ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ಮೂವರು. ನಡುವೆ ಹಿರಿಯ ಡಾಕ್ಟರಮ್ಮ, ದಪ್ಪ ಕನ್ನಡಕ, ಫ್ರೇಮು ಎಡಕ್ಕೆ ವಾಲಿತ್ತು. ರಟ್ಟು ನೋಡಿದ ಕೂಡಲೇ ಅವರು ಹೇಳಿದರು, "ಇದ್ರಲ್ಲಿ ಏನಿದೆ ಅಂತ ನಮಗೆ ಅರ್ಥ ಆಗಲ್ಲ. ನೀವು ಓದಿ ಹೇಳಿದ್ರೆ ಅದು ಅವ್ರ ಉತ್ತರವೋ ನಿಮ್ದೋ? ಯಾವ ಚಿತ್ರಕ್ಕೆ ಯಾವ ಮಾತು ಅನ್ನೋ ಪಟ್ಟಿ ಏನಾದ್ರೂ ತಂದಿದೀರಾ?"

ಪಟ್ಟಿ! ನಮ್ಮಿಬ್ಬರಿಗೂ ಹೊಳೆದೇ ಇರಲಿಲ್ಲ. ಮನೆಯಲ್ಲಿ ಯಾರಿಗೆ ಬೇಕಿತ್ತು ಪಟ್ಟಿ?

"ಒಂದೆರಡು ಪ್ರಶ್ನೆ ಕೇಳಿ ನೋಡಿ ಮೇಡಂ" ಎಂದು ಬೇಡಿಕೊಂಡೆ. ಒಲ್ಲದ ಮನಸ್ಸಿನಿಂದ ಶುರು ಮಾಡಿದರು. ಮೋಟಾರು ಕಿರುಗುಟ್ಟಿದರೆ ಏನು ಮಾಡುತ್ತೀರಿ? ಇವರ ಬೆರಳು ಹೋಯಿತು, ನಾನು ಹೇಳಿದೆ: "ಕರೆಂಟ್ ಆಫ್ ಮಾಡಿ. ಬೇರಿಂಗ್. ನೋಡು." ಪಕ್ಕದ ಡಾಕ್ಟರ್ ಏನೂ ಬರೆದುಕೊಳ್ಳಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ಐದು ಪ್ರಶ್ನೆ ಹೀಗೇ. ಯಾರೂ ನಂಬುತ್ತಿಲ್ಲ ಎಂದು ತಿಳಿಯುತ್ತಿತ್ತು.

ಆಮೇಲೆ ಡಾಕ್ಟರಮ್ಮ ಫಾರಂ ನೋಡುತ್ತಾ ಕೇಳಿದರು, "ಮನೇಲಿ ಎಲ್ರೂ ಒಪ್ಪಿದಾರಾ, ನೀವು ಕೆಲಸಕ್ಕೆ ಹೋಗೋದಕ್ಕೆ?"

ಬೆರಳು "ಇಲ್ಲ" ಮೇಲೆ. ಹೇಳಿದೆ.

"ಯಾರು ಒಪ್ಪಿಲ್ಲ?"

ಬೆರಳು ಪೊರಕೆಯ ಮೇಲೆ ಬಂದು ನಿಂತಿತು.

ಬೇರೆ ಏನು ಬೇಕಾದರೂ ಹೇಳಬಹುದಿತ್ತು. ಅಣ್ಣ, ತಮ್ಮ, ಬೀರು. ಅವರಿಗೇನು ಗೊತ್ತಾಗುತ್ತಿತ್ತು? ಇವರು ತಲೆ ಎತ್ತಿ ನನ್ನನ್ನು ನೋಡಿದರು, ಬೆರಳು ಎತ್ತಲಿಲ್ಲ.

"ಹೆಂಡತಿ" ಎಂದೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಇವರ ಬೆರಳು ಮತ್ತೆ ಹೊರಟಿತು, ನಾನು ಅದರ ಹಿಂದೆ. "ಹೆಂಡತಿ. ಭಯ. ದಿನಾ." ಸ್ವಲ್ಪ ನಿಂತು, "ನಾನು. ಭಯ. ಇಲ್ಲ."

ಅಳುತ್ತಲೇ ಹೇಳಿದೆ. ಅಷ್ಟೂ ಜನರ ಮುಂದೆ.

"ಇದು ನೀವು ಹೇಳ್ಕೊಟ್ಟ ಉತ್ತರ ಅಲ್ಲ ಬಿಡಿ" ಎಂದರು ಡಾಕ್ಟರಮ್ಮ, ಮೆತ್ತಗೆ. ಮೊದಲಿನ ಐದು ಪ್ರಶ್ನೆಗಳನ್ನು ಮತ್ತೆ ಕೇಳಿದರು. ಈ ಸಲ ಮೂವರೂ ಬರೆದುಕೊಂಡರು.

2.40

ಇವರು ಕೋಲು ಹಿಡಿದು ನೀರು ಕುಡಿಯಲು ಹೋಗಿದ್ದಾರೆ. ಜೊತೆಗೆ ಬರುತ್ತೇನೆಂದರೆ ಕೈ ಅಡ್ಡ ಮಾಡಿದರು. ಅಷ್ಟರಲ್ಲಿ ಗುಮಾಸ್ತ ಬಂದು ಕಾಗದ ನನ್ನ ಕೈಗೆ ಕೊಟ್ಟು ಹೋದ.

ಓದಿದೆ. ಎರಡು ಸಲ. "ಕೆಲಸಕ್ಕೆ ಅರ್ಹರು." ಏಪ್ರಿಲ್ ಒಂದರಿಂದ. ಕೆಳಗೆ ಮೂರು ಸಹಿ.

ಇವರಿಗೆ ಇದನ್ನು ಓದಲು ಬರುವುದಿಲ್ಲ. ನಾನು ಬಾಯಿ ಬಿಡುವವರೆಗೆ ಇದು ಬರೀ ಹಾಳೆ. ದೂರದಲ್ಲಿ ತಿರುಗಿದರು. ಕಾಗದ ನೋಡಿದರು. ಬೇಗ ಬೇಗ ಬರುತ್ತಿದ್ದಾರೆ, ಬಲಗಾಲು ಎಳೆಯುತ್ತಾ, ನನ್ನ ಬಾಯಿಯನ್ನೇ ನೋಡುತ್ತಾ. ದನಿ ನಡುಗಬಾರದು. ಖುಷಿಯಲ್ಲೇ ಹೇಳಬೇಕು, ಬೇರಿಂಗ್ ಹೋಗಿದೆ ಎನ್ನುವ ಹಾಗಲ್ಲ. ಬಂದೇ ಬಿಟ್ಟರು, ಹೇಳ...