ಯಂಕಂಚಿಯಿಂದ ತಂದ ಬೆಕ್ಕು

ಸಿಂದಗಿ, ರವಿವಾರ, ೧೯೭೪

ಶಂಕ್ರೆವ್ವಾ,

ನೀನು ತೀರಿಕೊಂಡ ಮೇಲೂ ನಿನ್ನ ಬೆಕ್ಕು ಈ ನಿನ್ನ ಗಂಡನನ್ನು ಹೇಗೋ ಸಹಿಸಿಕೊಂಡಿತ್ತು. ಹೋದ ತಿಂಗಳು ಅದೂ ಸತ್ತಿತು. ಮನೆ ತೀರ ಸುಮ್ಮನಾಯಿತು. ಅದಕ್ಕೇ ಇವತ್ತು ಯಂಕಂಚಿಗೆ, ನಿನ್ನ ಗೆಳತಿ ರೇವವ್ವನ ಮನೆಗೆ ಹೋಗಿದ್ದೆ.

"ಭಾಳ ಅಕ್ಕರತಿ ಮಾಡೂ ಮರಿ ಬೇಕವ್ವ," ಎಂದೆ.

ಅವಳು ನಾಲ್ಕು ಬೆಕ್ಕಿನ ಮರಿಗಳನ್ನು ನನ್ನ ಮುಂದೆ ಬಿಟ್ಟಳು. ನಾನು "ಬಾ ಇಲ್ಲಿ!" ಎಂದು ಕರೆದದ್ದೇ ತಡ, ನಾಲ್ಕೂ ಜೋಳದ ಚೀಲಗಳ ಹಿಂದೆ ಅಡಗಿದವು.

"ಮಾಸ್ತರ್ರ, ಅವು ನಿಮ್ಮ ಸಾಲಿ ಹುಡುಗರಲ್ರಿ. ಹಿಂಗ ಕರದ್ರ ನಾನೂ ಓಡಿಹೋಗ್ತೇನಿ," ಎಂದಳು ರೇವವ್ವ.

ಅಷ್ಟರಲ್ಲಿ ಕಿವಿ ಹರಿದ ಮುದಿ ಗಂಡುಬೆಕ್ಕೊಂದು ಬಂದು, ನನ್ನ ತೊಡೆ ಏರಿ, ಹೊಸ ಧೋತರಕ್ಕೆ ಉಗುರು ನೆಟ್ಟು, ಗುರ್‌ಗುಟ್ಟುತ್ತ ಮಲಗಿಬಿಟ್ಟಿತು. ನನ್ನ ಎದೆ ಉಬ್ಬಿತು.

"ಅದು ಯಾರ ತೊಡಿ ಸಿಕ್ಕರೂ ಮಲಗತೈತ್ರಿ," ಎಂದಳು ಅವಳು. "ನಿಮ್ಮದೇನೂ ವಿಶೇಷ ಇಲ್ಲ."

ಆದರೂ ಅದನ್ನೇ ಕೈಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ದಾರಿಯಲ್ಲಿ ಅದು ಹೆದರಿ ಒದರತೊಡಗಿತು. ಸಮಾಧಾನ ಮಾಡಲೆಂದು ಮಾತು ಶುರು ಮಾಡಿದೆ. ಹಾಲು ಎಲ್ಲಿಡುತ್ತೇನೆ, ಬಿಸಿಲು ಯಾವ ಮೂಲೆಗೆ ಬೀಳುತ್ತದೆ, ಎಲ್ಲ ಹೇಳಿದೆ. ನಿನ್ನ ವಿಷಯವನ್ನೂ ಹೇಳಿದೆ. ಅದು ಚೀಲದಿಂದ ತಲೆ ಹೊರಗೆ ಹಾಕಿ ಕೇಳುತ್ತ ಕೂತಿತು.

ಹಿಂದಿನ ಸೀಟಿನ ಮುದುಕಿಗೆ ತಡೆಯಲಾಗಲಿಲ್ಲ. "ಯಪ್ಪಾ, ಬೆಕ್ಕಿನ ಜೋಡಿನ ಇಷ್ಟು ಮಾತಾಡ್ತಿ. ಮನ್ಯಾಗ ಹೇಣ್ತಿ ಜೋಡಿ ಇನ್ನೆಷ್ಟು ಮಾತಾಡ್ತೀಯೋ!"

"ಭಾಳ ಮಾತಾಡ್ತೇನವ್ವ," ಎಂದೆ.

ನಾನು ಮನೆಯಲ್ಲಿ ಎಷ್ಟು ಮಾತಾಡುತ್ತಿದ್ದೆನೆಂದು ಬಲ್ಲ ನೀನು ಅಲ್ಲಿದ್ದಿದ್ದರೆ, ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ಸಿಂದಗಿ ಬರುವವರೆಗೂ ನಗುತ್ತಿದ್ದೆ.